ಕತ್ತು ಬಿದ್ದದ್ದು, ಬಾಗಿದ್ದಲ್ಲ

ಮಲ್ಕಾಜ್‌ಗಿರಿ, ಹೈದರಾಬಾದ್
ಗುರುವಾರ, ೨೦ ನವೆಂಬರ್ ೨೦೨೫

ಪ್ರೀತಿಯ ಗಿರಿಜಾ,

ನಿನ್ನ ಕಾಲು ಹೇಗಿದೆ? ಪ್ಲಾಸ್ಟರ್ ಒಳಗೆ ತುರಿಕೆ ಎದ್ದರೆ ಪೊರಕೆ ಕಡ್ಡಿ ತೂರಿಸಿ ಕೆರೆದುಕೊಳ್ಳಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ಬಿ.ಪಿ. ಗುಳಿಗೆ ತಪ್ಪಿಸಬೇಡ. ಅಲ್ಲಿ ಎಲ್ಲರೂ ಕೂತಲ್ಲಿಗೇ ಊಟ ತಂದು ಕೊಡುತ್ತಾರೆಂದು ಕೇಳಿದೆ. ಜನ್ಮದಲ್ಲಿ ಒಮ್ಮೆ ಸಿಕ್ಕ ಆ ಸುಖವನ್ನು ಸಂಕೋಚಪಟ್ಟು ಹಾಳುಮಾಡಿಕೊಳ್ಳದೆ ಉಣ್ಣು. ನಾನು ಕರ್ತನ ದಯೆಯಿಂದ ಬದುಕಿದ್ದೇನೆ, ಗಂಜಿ ಕುಡಿಯುತ್ತಿದ್ದೇನೆ, ಹಟ ಮಾಡುತ್ತಿದ್ದೇನೆ. ಇದಕ್ಕಿಂತ ದೊಡ್ಡ ಕ್ಷೇಮಸಮಾಚಾರ ಸದ್ಯಕ್ಕೆ ನನ್ನ ಹತ್ತಿರ ಇಲ್ಲ.

ಈ ಕಾಲದಲ್ಲಿ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಎಂದು ನಗುತ್ತೀ. ಫೋನಿನಲ್ಲಿ ನನ್ನ ಮಾತು ಈಗ ಯಾರಿಗೂ ತಿಳಿಯುವುದಿಲ್ಲ. ನೀನು ಊರಿಗೆ ಹೋಗುವಾಗ ಸ್ವಲ್ಪ ತೊದಲುತ್ತಿದ್ದೆನಲ್ಲ, ಈಗ ನಾಲಿಗೆ ಬಾಯೊಳಗೆ ಸುಮ್ಮನೆ ಬಿದ್ದುಕೊಂಡಿರುತ್ತದೆ. ನಿಮ್ಹಾನ್ಸ್‌ನಿಂದ ಬಂದಿದ್ದ ಆ ನರಗಳ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ನೆನಪಿದೆಯಲ್ಲ? ಮೊದಲು ಮಾತು, ಆಮೇಲೆ ನುಂಗುವುದು, ಕಡೆಗೆ ಉಸಿರು. ಅವರು ಹೇಳಿದ ಸಾಲಿನಲ್ಲೇ ನಡೆದಿದೆ. ರೋಗ ಕೈಗೆ ಇನ್ನೂ ಅಷ್ಟು ಬಂದಿಲ್ಲ, ಅಕ್ಷರ ಕಾಗೆ ಕಾಲಿನಂತಿದ್ದರೂ ನೀನು ಓದಬಲ್ಲೆ. ನಮ್ಮ ಚರ್ಚಿನ ತುಳಸಾಬಾಯಿ ನನ್ನ ಪರವಾಗಿ ನಿನಗೆ ಎಷ್ಟೋ ಸಲ ಫೋನ್ ಮಾಡಿದರು. ಪ್ರತಿ ಸಲವೂ ಎತ್ತಿದ್ದು ಅಣ್ಣನ ಸೊಸೆ ಕಮಲಾಕ್ಷಿ. ಒಮ್ಮೆ ನೀನು ಮಲಗಿದ್ದೀ ಎಂದಳಂತೆ, ಒಮ್ಮೆ ಸ್ನಾನಕ್ಕೆ ಕೂತಿದ್ದೀ ಎಂದಳಂತೆ, ಒಮ್ಮೆ ನಿನ್ನ ಫೋನಿನಲ್ಲೇ ಮಾತಾಡುತ್ತ ಆ ಫೋನು ಕೆಟ್ಟಿದೆ ಎಂದಳಂತೆ. ಅದಕ್ಕೇ ಈ ಕಾಗದ. ತುಳಸಾಬಾಯಿ ಹುಮನಾಬಾದಿನ ತಂಗಿಯ ಮನೆಗೆ ಹೊರಟಿದ್ದಾರೆ, ನಮ್ಮೂರಿನ ತನಕ ಬಂದು ನಿನ್ನ ಕೈಯಲ್ಲೇ ಕೊಡುತ್ತೇನೆ ಎಂದಿದ್ದಾರೆ. ಯಾರಾದರೂ ಓದಿ ಹೇಳುತ್ತೇನೆ ಎಂದು ಕೈ ಚಾಚಿದರೆ ಕೊಡಬೇಡ. ಚಷ್ಮಾ ಹಾಕಿಕೊಂಡು ನೀನೇ ಓದು.

ಇಷ್ಟು ವರ್ಷ ನಮ್ಮ ಹೆಸರು ಹಿಡಿದು ಕರೆಯದ ಅಣ್ಣನ ಮನೆಯಿಂದ ವಾಸ್ತುಶಾಂತಿಗೆ ಕರೆ ಬಂದಾಗ ನೀನು ಎಷ್ಟು ಹಿಗ್ಗಿದೆ ಎಂದು ನಾನು ನೋಡಿದ್ದೇನೆ. ಇಳಕಲ್ ಸೀರೆ ಪೆಟ್ಟಿಗೆಯಿಂದ ಹೊರಗೆ ಬಂತು. ನನಗೆ ಗಂಜಿ ಹೇಗೆ ಮಾಡಬೇಕೆಂದು ನೀನು ತುಳಸಾಬಾಯಿಗೆ ಮೂರು ಸಲ ಹೇಳಿದೆ. ನಾನೇ ಕಳಿಸಿದೆ, ಹೋಗಿ ಬಾ ಎಂದೆ. ಎರಡೇ ದಿನದ ಮಾತಾಗಿತ್ತು. ಹೊಸ ಮನೆಯ ನುಣ್ಣನೆಯ ಟೈಲ್ಸ್ ಮೇಲೆ ನೀನು ಜಾರಿ ಬಿದ್ದೆ, ಮರುದಿನವೇ ಗುರುಸಿದ್ದಪ್ಪಣ್ಣ ಒಂದು ಗಂಟು ಹೊತ್ತುಕೊಂಡು ಇಲ್ಲಿ ಬಾಗಿಲಲ್ಲಿ ನಿಂತ. 'ಅಕಿ ಅಲ್ಲಿ ಇರಲಿ, ನಾ ಇಲ್ಲಿ ಇರತೀನಿ. ತಮ್ಮನ್ನ ನೋಡಿಕೊಳ್ಳಾಕ ಅಣ್ಣಗ ಯಾರ ಅಪ್ಪಣೆ ಬೇಕು?' ಎಂದ. ಯಾರ ಅಪ್ಪಣೆಯೂ ಬೇಡ, ನಿಜ. ಆದರೆ ನೀನು ಬಿದ್ದ ಸುದ್ದಿ ಕೇಳಿ ಅಳುವುದಕ್ಕೂ ನನಗೆ ಪುರಸೊತ್ತು ಸಿಗಲಿಲ್ಲ, ಅಷ್ಟು ಬೇಗ ಬಂದುಬಿಟ್ಟ.

ಅವನ ಬಗ್ಗೆ ನಿನಗೆ ಕೆಟ್ಟದ್ದು ಬರೆಯಲಾರೆ, ಬರೆಯುವಂಥದ್ದು ಅವನು ಮಾಡಿಯೂ ಇಲ್ಲ. ಎಪ್ಪತ್ತು ದಾಟಿದ ಮನುಷ್ಯ ದಿನಾ ಬೆಳಿಗ್ಗೆ ನನ್ನನ್ನು ಎತ್ತಿ ಕೂರಿಸುತ್ತಾನೆ, ಮೈ ಒರೆಸುತ್ತಾನೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ಕಿವುಚಿ ಚಮಚದಲ್ಲಿ ತಿನ್ನಿಸುತ್ತಾನೆ. ಗಂಟಲಿಗೆ ಸಿಕ್ಕಿ ಕೆಮ್ಮು ಬಂದರೆ ಅವನ ಕಣ್ಣಲ್ಲಿ ನೀರು ಬರುತ್ತದೆ. ಪಕ್ಕದ ಮನೆಯ ತೆಲುಗಿನ ಅಮ್ಮ ನೋಡಿ, ರಾಮಲಕ್ಷ್ಮಣರಂಥ ಅಣ್ಣತಮ್ಮಂದಿರು ಎಂದು ಓಣಿಯೆಲ್ಲ ಹೇಳಿಕೊಂಡು ಬಂದಳು. ಈ ಪ್ರೀತಿಯೇ ನನಗೆ ಹೆದರಿಕೆ ಹುಟ್ಟಿಸುತ್ತಿದೆ ಗಿರಿಜಾ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಬಾಗಿಲು ಹಾಕಿದಾಗ ಹೊರಗೆ ನಿಲ್ಲುವುದು ನನಗೆ ರೂಢಿಯಾಗಿತ್ತು. ತಾನೇ ಬಾಗಿಲು ತೆರೆದು ಒಳಗೆ ಬಂದು ಕಾಲೊತ್ತುವವನನ್ನು ಏನು ಮಾಡಲಿ?

ಅವನು ಬಂದ ವಾರದಲ್ಲೇ ಒಂದು ಕೆಲಸ ಮಾಡಿದ. ನಡುಮನೆಯ ಗೋಡೆಗೆ, ನಿನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ, ಎರಡು ಗೂಟ ಹೊಡೆದ. ಟವೆಲ್ ಹಾಕಲಿಕ್ಕೆ ಎಂದ. ಟವೆಲ್ ಹಾಕಲಿಕ್ಕೆ ಅಷ್ಟು ಕೆಳಗೆ ಯಾರು ಗೂಟ ಹೊಡೆಯುತ್ತಾರೆ? ನೆಲದ ಮೇಲೆ ಕೂತವನ ಹೆಗಲಿಗೆ ಸರಿಯಾಗಿ ಇವೆ. ನಮ್ಮ ಅಪ್ಪ ತೀರಿಕೊಂಡಾಗ ಅವನನ್ನು ಗೋಡೆಗೆ ಒರಗಿಸಿ ಕೂರಿಸಿ ಎರಡು ಕಂಕುಳಲ್ಲಿ ಶಲ್ಯ ಹಾಯಿಸಿ ಗೂಟಕ್ಕೆ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡವನು. ಮೈ ಸೆಟೆಯುವ ಮೊದಲೇ ಕೂರಿಸಬೇಕು, ಇಲ್ಲದಿದ್ದರೆ ಕುಣಿಯಲ್ಲಿ ಕೂರುವುದಿಲ್ಲ. ಲಿಂಗವಂತರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆಂದು ನಿನಗೆ ನಾನು ಹೇಳಬೇಕಾದ್ದಿಲ್ಲ. ಅಣ್ಣನಿಗೆ ಕೈ ತೋರಿಸಿ ಇದೇನು ಎಂದು ಕೇಳಿದೆ. ಅವನು ಸುಳ್ಳು ಹೇಳಲಿಲ್ಲ. ಟವೆಲ್ ತೆಗೆದು ಮಡಚುತ್ತ, 'ಮಾತು ಇರೂತನಕ ನೀ ಅವರಾಂವ. ಮಾತು ನಿಂತ ಮ್ಯಾಲ ನೀ ನಮ್ಮಾಂವ, ಮಲ್ಲು' ಎಂದ. ಸಿಟ್ಟಿನಿಂದಲ್ಲ, ಮಗುವಿಗೆ ಸಮಾಧಾನ ಹೇಳುವ ಹಾಗೆ ಹೇಳಿದ.

ಅವನಿಗೂ ಒಂದು ಭಾರ ಇದೆ. ಅವ್ವ ಸಾಯುವಾಗ ಅವನ ಕೈ ಹಿಡಿದುಕೊಂಡು, ಮಲ್ಲುನನ್ನು ತಿರುಗಿ ಕರೆದುಕೊಂಡು ಬಂದು ನನ್ನ ಬಾಜೂಕ ಕೂಡಿಸು ಎಂದಳಂತೆ. ನನಗೆ ಇದನ್ನು ಈಗ ಹೇಳಿದ. ಆ ದಿನ ನಾನು ಊರ ಮುಂದಿನ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತಿದ್ದೆ, ನೀನು ಮಾತ್ರ ಒಳಗೆ ಹೋಗಿದ್ದೆ. ಕ್ರಿಸ್ತನ ಹೆಸರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವನು ಹೆಣದ ಮುಖ ನೋಡಬಾರದು ಎಂದು ಇದೇ ಅಣ್ಣ ಅಡ್ಡ ನಿಂತಿದ್ದ. ಹೆಂಗಸರು ಅವ್ವನ ಮೇಲೆ ಹಾಡಿಕೊಂಡು ಅಳುವುದು ಅಲ್ಲಿಯ ತನಕ ಕೇಳುತ್ತಿತ್ತು, ಭಜನೆಯವರ ತಾಳವೂ ಕೇಳುತ್ತಿತ್ತು. ಹೆಗಲು ಕೊಡಲಿಕ್ಕೆ ಬಿಡಲಿಲ್ಲ, ಮಣ್ಣು ಹಾಕಲಿಕ್ಕೆ ಬಿಡಲಿಲ್ಲ. ಅಷ್ಟು ಅತ್ತದ್ದು ನಾನು ಮತ್ತೆಂದೂ ಇಲ್ಲ. ಆದರೂ ಆ ಕಟ್ಟೆಯ ಮೇಲೆ ನಾನು ಒಬ್ಬನೇ ಇರಲಿಲ್ಲ. ಇದನ್ನು ನಿನಗೆ ಹಿಂದೆ ಹೇಳಿದಾಗ ನೀನು ಸೆರಗಿನಿಂದ ನನ್ನ ಮುಖ ಒರೆಸಿದ್ದೆ. ನನ್ನ ಕರ್ತನೂ ಊರ ಹೊರಗೇ ಸತ್ತವನು. ಹೊರಗೆ ನಿಲ್ಲಿಸಿದವರ ಹೊಟ್ಟೆಯೊಳಗಿನದು ಅವನಿಗೆ ತಿಳಿಯುತ್ತದೆ, ಅವನು ಅವತ್ತು ಬಂದು ನನ್ನ ಪಕ್ಕ ಕೂತಿದ್ದ. ಹಾಗೆ ಕೂತವನನ್ನು ಈಗ ಹೇಗೆ ಬಿಡಲಿ? ಇದಕ್ಕಿಂತ ದೊಡ್ಡ ತತ್ವ ಹೇಳಲು ನನಗೆ ಬರುವುದಿಲ್ಲ. ನಾನು ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವನು, ನನಗೆ ಇಷ್ಟೇ ಗೊತ್ತು.

ವಾಡಿಯಲ್ಲಿ ಡ್ಯೂಟಿ ಇಳಿದವರು ಮಲಗುವ ರನ್ನಿಂಗ್ ರೂಮಿನಲ್ಲಿ ಜೊತೆಯ ಗಾರ್ಡ್ ಭೀಮಾಶಂಕರನ ಜೊತೆ ಕೂತು ಬೈಬಲ್ ವಾಕ್ಯ ಓದಲು ಶುರುಮಾಡಿದಾಗ, ಇದಕ್ಕೆ ಇಷ್ಟು ಬೆಲೆ ತೆರಬೇಕಾಗುತ್ತದೆಂದು ಯಾರಾದರೂ ಹೇಳಿದ್ದರೆ ಮುಂದಿನ ಗಾಡಿ ಹತ್ತಿ ಓಡಿಬಿಡುತ್ತಿದ್ದೆನೇನೋ. ಹೊಲದ ಪಾಲು ಹೋಯಿತು, ಹೋಗಲಿ. ಹಬ್ಬಹರಿದಿನಕ್ಕೆ ಹೋಗಲು ಇದ್ದ ಮನೆ ಹೋಯಿತು, ನನ್ನಿಂದಾಗಿ ನಿನಗೂ ಹೋಯಿತು. ಅದೇ ನನಗೆ ದೊಡ್ಡ ನೋವು. ಇತ್ತ ಸಭೆಯಲ್ಲಾದರೂ ಪೂರ್ತಿ ಜಾಗ ಸಿಕ್ಕಿತೇ? ಸಿಕಂದರಾಬಾದಿನಲ್ಲಿ ತೆಲುಗಿನವರ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ ನಾವು ನಾಲ್ಕು ಕನ್ನಡದ ಮನೆಯವರು ಕೂಡುತ್ತೇವೆ, ಅಷ್ಟು ಜನರಲ್ಲೂ ನನ್ನನ್ನು ಸಭೆಯ ಹಿರಿಯನನ್ನಾಗಿ ಮಾಡಲಿಲ್ಲ. ಹೆಂಡತಿಯ ಕೊರಳಲ್ಲಿ ಇನ್ನೂ ಲಿಂಗ ಇದೆಯಲ್ಲ ಎಂದರು. ಇದ್ದರೆ ಇದೆ ಎಂದೆ. ಬೆಳಿಗ್ಗೆ ನೀನು ಆ ಮೂಲೆಯಲ್ಲಿ ಕಣ್ಣು ಮುಚ್ಚಿ ಪೂಜೆಗೆ ಕೂತಾಗ ನಾನು ಈ ಮೂಲೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂರುತ್ತಿದ್ದೆ. ಮೊದಲು ಕಣ್ಣು ತೆರೆದವರು ಚಹಾಕ್ಕೆ ಇಡಬೇಕೆಂದು ಕರಾರು ಮಾಡಿದ್ದು ನೀನು, ಬೇಕಂತಲೇ ತಡಮಾಡಿ ಕಣ್ಣು ತೆರೆಯುತ್ತಿದ್ದದ್ದೂ ನೀನು. 'ನಿಮ್ಮ ಪ್ರಾರ್ಥನಾ ಭಾಳ ಸಣ್ಣದರೀ' ಎಂದು ಆಮೇಲೆ ನನ್ನನ್ನೇ ಕಾಡುತ್ತಿದ್ದೆ. ಇಷ್ಟು ವರ್ಷ ಚಹಾ ನಾನೇ ಮಾಡಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನೀನು ಆ ಫೋಟೋ ನೋಡಿಯೇ ಇರುತ್ತೀ. ನಿನಗೆ ಬೇರೇನನ್ನೂ ತಲುಪಿಸದವರು ಅದನ್ನು ಮಾತ್ರ ಖಂಡಿತ ತೋರಿಸಿರುತ್ತಾರೆ. ನಾನು ಅಯ್ಯನವರ ಮುಂದೆ ತಲೆ ಬಗ್ಗಿಸಿ ಕೂತಿದ್ದೇನೆ, ಅವರು ನನ್ನ ಹಣೆಗೆ ವಿಭೂತಿ ಹಚ್ಚುತ್ತಿದ್ದಾರೆ, ಅಣ್ಣ ಕೈಮುಗಿದು ನಿಂತಿದ್ದಾನೆ. ಮಲ್ಲಿಕಾರ್ಜುನ ತಿರುಗಿ ಬಂದ ಎಂದು ಊರಲ್ಲಿ ಪೇಢೆ ಹಂಚಿದರಂತೆ. ತುಳಸಾಬಾಯಿಯ ತಂಗಿಯ ಫೋನಿಗೂ ಅದು ಬಂದು, ಅಲ್ಲಿಂದ ನಮ್ಮ ಸಭೆಯವರಿಗೂ ಬಂತು. ಭಾನುವಾರ ನನ್ನನ್ನು ನೋಡಲು ಯಾರೂ ಬರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಬರೆಯುತ್ತೇನೆ, ಕೇಳು.

ಬೆಳಿಗ್ಗೆ ಅಣ್ಣ ನನಗೆ ಬಿಳಿ ಅಂಗಿ ತೊಡಿಸಿದ. ಪಾಸ್ಟರ್ ಬರುತ್ತಾರೇನೋ ಎಂದುಕೊಂಡೆ. ಆಟೋದಿಂದ ಇಳಿದವರು ನಮ್ಮೂರ ಮಠದ ಅಯ್ಯನವರು, ಅದೇ ವಯಸ್ಸಾದವರು, ಚಿಕ್ಕಂದಿನಲ್ಲಿ ನನಗೆ ಓನಾಮ ತಿದ್ದಿಸಿದವರು. ಅವರು ಬಂದದ್ದು ನನಗೆ ಸಂತೋಷವೇ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಮುಂದೆ ಕುರ್ಚಿ ಹಾಕಿಕೊಂಡು ಕೂತರು, ನನ್ನ ಕೈ ಹಿಡಿದು, 'ಹೆಂಗ ಅದೀಪಾ ಮಲ್ಲಪ್ಪ?' ಎಂದರು. ನಾನು ಉತ್ತರ ಕೊಡಲು ಹೋದೆ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ: ನೀನು ಹೋದ ಮೇಲೆ ನನ್ನ ಕತ್ತಿನ ಬಲ ಹೋಗಿದೆ. ಹಿಂದೆ ದಿಂಬು ಇಲ್ಲದಿದ್ದರೆ ತಲೆ ನಿಲ್ಲುವುದಿಲ್ಲ, ಗಲ್ಲ ಎದೆಗೆ ಬಂದು ಬೀಳುತ್ತದೆ, ಎತ್ತಬೇಕೆಂದರೆ ಯಾರಾದರೂ ಹಣೆ ಹಿಡಿದು ಎತ್ತಬೇಕು. ಅಣ್ಣನಿಗೆ ಇದು ಗೊತ್ತಿದೆ, ದಿನಾ ಎತ್ತುವವನು ಅವನೇ. ಅಯ್ಯನವರಿಗೆ ಗೊತ್ತಿರಲಿಲ್ಲ. ಮಾತಾಡುವ ಜೋರಿಗೆ ದಿಂಬು ಸರಿಯಿತು, ತಲೆ ಬಿತ್ತು. ಅವರು ಅದನ್ನು ಹೇಗೆ ತಿಳಿಯಬೇಕೋ ಹಾಗೇ ತಿಳಿದರು. ನಮ್ಮ ಕಡೆ ಅಯ್ಯನವರ ಮುಂದೆ ತಲೆ ತಗ್ಗಿಸಿದವನು ಏನು ಕೇಳುತ್ತಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅವರ ಕಣ್ಣು ತುಂಬಿ ಬಂತು. ಜೋಳಿಗೆಯಿಂದ ವಿಭೂತಿ ತೆಗೆದರು. ನನ್ನ ಕಣ್ಣ ಮುಂದೆ ನನ್ನ ಮೊಣಕಾಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ, ಅವರ ಬೆರಳು ಹಣೆಯ ಮೇಲೆ ಹರಿದಾಡಿದ್ದು ಮಾತ್ರ ತಿಳಿಯಿತು. ಆ ಹೊತ್ತಿನಲ್ಲೇ ಅಣ್ಣ ಫೋಟೋ ತೆಗೆಸಿದ. ಅದಾದ ಮೇಲೆ ಬಂದು ನನ್ನ ತಲೆ ಎತ್ತಿ ದಿಂಬು ಇಟ್ಟ.

ಆಗಲೇ ಯಾಕೆ ಒರೆಸಲಿಲ್ಲ ಎಂದು ನಿನ್ನೆ ಪಾಸ್ಟರ್ ಕೇಳಿದರು. ಪಾಸ್ಟರಿಗೆ ವಯಸ್ಸು ಚಿಕ್ಕದು. ಮನೆಗೆ ಬಂದ ಹಿರಿಯರು, ಹಣೆ ಮುಟ್ಟಿ ಹರಸಿದವರು, ಅವರು ಎದುರಿಗೆ ಹಾಲು ಕುಡಿಯುತ್ತ ಕೂತಿರುವಾಗ ಒರೆಸುವಷ್ಟು ಸಣ್ಣವನು ನಾನಲ್ಲ. ಅವರು ಆಟೋ ಹತ್ತುವ ತನಕ ತಡೆದೆ. ಆಮೇಲೆ ಒದ್ದೆ ಟವೆಲ್ಲಿಗೆ ಕೈ ಮಾಡಿದೆ, ಅಣ್ಣ ಬೆವರು ಒರೆಸಿಕೊಳ್ಳಲಿಕ್ಕೆಂದು ತಿಳಿದು ತಂದುಕೊಟ್ಟ. ಅವನ ಮುಖ ನೋಡುತ್ತಲೇ ಹಣೆ ಒರೆಸಿದೆ. ಕೈಗೆ ಬಲ ಸಾಲದೆ ಬಹಳ ಹೊತ್ತು ಹಿಡಿಯಿತು. ಅವನು ಅಲ್ಲೇ ನಿಂತು ನೋಡಿದ. 'ಒರಸಿದೇನಪಾ' ಎಂದ, ಅಷ್ಟೇ. ಅವತ್ತು ಅವನು ಊಟ ಮಾಡಲಿಲ್ಲ. ನನಗೆ ಮಾತ್ರ ಎಂದಿನಂತೆ ರೊಟ್ಟಿ ಕಿವುಚಿ ತಿನ್ನಿಸಿದ. ಆದರೆ ಒರೆಸಿದ್ದರ ಫೋಟೋ ಯಾರೂ ತೆಗೆಯಲಿಲ್ಲ, ಅದು ಯಾರ ಫೋನಿಗೂ ಹೋಗಲಿಲ್ಲ. ಅದಕ್ಕೇ ನಿನಗೆ ನನ್ನ ಕೈಬರಹದಲ್ಲಿ ಬರೆಯುತ್ತಿದ್ದೇನೆ. ನನ್ನ ಕತ್ತು ಬಿದ್ದದ್ದು, ಬಾಗಿದ್ದಲ್ಲ.

ಅದಾದ ಮೇಲೆ ಅಣ್ಣ ನನ್ನ ಜೊತೆ ವಾದಿಸುವುದನ್ನು ಬಿಟ್ಟಿದ್ದಾನೆ. ಕಾಯುತ್ತಿದ್ದಾನೆ. ನಾನು ಬಾಯಿ ತೆರೆದಾಗಲೆಲ್ಲ ಕತ್ತು ಮುಂದೆ ಚಾಚಿ ಗಮನವಿಟ್ಟು ಕೇಳುತ್ತಾನೆ, ಮಾತು ಎಷ್ಟು ಉಳಿದಿದೆ ಎಂದು. ಬೆಳಿಗ್ಗೆ ಏಳುತ್ತಲೇ, 'ಮಾತಾಡು ನೋಡೂಣು' ಎನ್ನುತ್ತಾನೆ. ನಾನು ಏನಾದರೂ ಅಂದರೆ ತಲೆ ಆಡಿಸಿ ಪೂಜೆಗೆ ಕೂರುತ್ತಾನೆ. ನನಗೂ ಈಗ ಏಳುತ್ತಲೇ ಮೊದಲ ಕೆಲಸ ಅದೇ ಆಗಿದೆ, ಯೇಸು ಎಂದು ಮೆಲ್ಲಗೆ ಅಂದು ನೋಡುವುದು. ಮೊನ್ನೆಯವರೆಗೂ ಬರುತ್ತಿತ್ತು. ನಿನ್ನೆ ಅರ್ಧ ಬಂತು. ತುಳಸಾಬಾಯಿ ಸಂಡೇ ಸ್ಕೂಲಿನ ಒಂದು ಪಾಟಿ ಮತ್ತು ಬಳಪ ತಂದುಕೊಟ್ಟಿದ್ದಾರೆ, ಬೇಕಾದ್ದನ್ನು ಅದರ ಮೇಲೆ ಬರೆಯುತ್ತೇನೆ. ನೀರು, ದಿಂಬು, ಫ್ಯಾನು ಎಂದು ಬರೆದರೆ ಅಣ್ಣ ಓದಿ ಓಡಿಬಂದು ಮಾಡುತ್ತಾನೆ. ಬೇರೆ ಏನು ಬರೆದರೂ ಅವನಿಗೆ ಅಕ್ಷರ ಕಾಣಿಸುವುದಿಲ್ಲ.

ಒಂದು ಮಾತು ಮಾತ್ರ ಅವನು ನನ್ನ ಎದೆಗೆ ಸರಿಯಾಗಿ ಹೊಡೆದಿದ್ದಾನೆ. 'ನೀ ಇಲ್ಲಿ ನಾರಾಯಣಗೂಡದ ಕಿರಿಸ್ತಾನರ ಸ್ಮಶಾನದಾಗ ಮಂದಿ ನಡುವ ಮಲಗತೀ. ಅಕಿ ನಮ್ಮಾಕಿ, ಅಕಿನ್ನ ನಾಳೆ ನಾವು ನಮ್ಮ ಹೊಲದಾಗ ಕೂಡಸಬೇಕು. ಒಬ್ಬಾಕಿನ್ನ ಕೂಡಸಲೇನು?' ಎಂದ. ನನ್ನ ಪಾಲು ಹೋಗಿದ್ದರೂ ಆ ಹೊಲದ ಬೇವಿನ ಗಿಡದ ಹತ್ತಿರ ನಮ್ಮಿಬ್ಬರಿಗೂ ಜಾಗ ಬಿಟ್ಟಿದ್ದಾರಂತೆ, ನಿನಗೂ ತೋರಿಸಿರಬೇಕು. ನಾವಿಬ್ಬರೂ ಇದನ್ನು ಎಂದೂ ಮಾತಾಡಲಿಲ್ಲ. ಎಲ್ಲ ಮಾತಾಡಿದೆವು, ಪಿಂಚಣಿ, ಮನೆ ಬಾಡಿಗೆ, ನನ್ನ ನಂತರ ನೀನು ಎಲ್ಲಿರಬೇಕು, ನಿನ್ನ ನಂತರ ಹೊಲಿಗೆ ಮೆಷಿನ್ ಯಾರಿಗೆ ಎಂಬುದನ್ನೂ ಮಾತಾಡಿದೆವು. ಇದರ ಹತ್ತಿರ ಬಂದಾಗ ನೀನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ, ನಾನೂ ಕರೆಯುತ್ತಿರಲಿಲ್ಲ. ಮಕ್ಕಳಿಲ್ಲದ ಮನೆ ನಮ್ಮದು. ಒಬ್ಬರಿಗೊಬ್ಬರು ಬಿಟ್ಟರೆ ಯಾರಿದ್ದಾರೆ? ಜೀವ ಇರುವ ತನಕ ಒಂದೇ ಮನೆಯಲ್ಲಿ ಎರಡು ಮೂಲೆ ಸಾಕಾಗಿತ್ತು. ಆಮೇಲೆ ನಡುವೆ ಅಷ್ಟು ದೂರ ಎಂದು ನೆನೆದರೆ ನನಗೆ ಈ ರೋಗಕ್ಕಿಂತ ಹೆಚ್ಚು ಭಯವಾಗುತ್ತದೆ. ಅವತ್ತು ಮಧ್ಯಾಹ್ನವೆಲ್ಲ ನಾನು ಇದನ್ನೇ ಯೋಚಿಸಿದೆ. ಕೂತರೇನು, ಮಲಗಿದರೇನು, ದೇವರು ಎಬ್ಬಿಸುವಾಗ ಎಲ್ಲಿಂದಲಾದರೂ ಎಬ್ಬಿಸುತ್ತಾನೆ, ಗಿರಿಜಾಳ ಪಕ್ಕಕ್ಕೇ ಹೋಗಿಬಿಡೋಣ ಎಂದು ನನಗೇ ನಾನು ಹೇಳಿಕೊಂಡೆ. ಬಹಳ ಹಿತವಾಗಿತ್ತು ಆ ಮಾತು. ಬರೀ ಮಣ್ಣಿನ ಮಾತಾಗಿದ್ದರೆ ಹಾಗೇ ಮಾಡುತ್ತಿದ್ದೆ. ಆದರೆ ಅವರು ನನ್ನನ್ನು ಹಾಗೇ ಕೂರಿಸುವುದಿಲ್ಲ. ಊರೆಲ್ಲ ಕರೆದು, ಇವನು ತಪ್ಪು ಒಪ್ಪಿಕೊಂಡು ತಿರುಗಿ ಬಂದ, ಆ ದೇವರನ್ನು ಬಿಟ್ಟ ಎಂದು ಸಾರಿ ಕೂರಿಸುತ್ತಾರೆ. ನಾನು ಬಿಟ್ಟಿಲ್ಲ. ಬದುಕಿದ್ದಾಗ ಅಷ್ಟೆಲ್ಲ ಕಳೆದುಕೊಂಡು ಹೇಳಿದ್ದನ್ನು ಸತ್ತ ಮೇಲೆ ಸುಳ್ಳು ಮಾಡಿಸಿಕೊಳ್ಳಲಾರೆ.

ಪಾಸ್ಟರ್ ನಿನ್ನೆ ಬಂದಿದ್ದರು, ತುಳಸಾಬಾಯಿ ಹೋಗಿ ಜಗಳವಾಡಿ ಕರೆದುಕೊಂಡು ಬಂದರು. ಅಣ್ಣ ಅವರಿಗೂ ಚಹಾ ಮಾಡಿಕೊಟ್ಟ. ಪಾಸ್ಟರ್ ಸ್ಪಷ್ಟವಾಗಿ ಹೇಳಿದರು: ರಕ್ತ ಹಂಚಿಕೊಂಡವರು ಹೆಣ ಕೇಳಿದರೆ ಸಭೆ ಎದುರು ನಿಂತು ಕಿತ್ತುಕೊಳ್ಳಲಾಗುವುದಿಲ್ಲ, ಕಿತ್ತುಕೊಳ್ಳಲೂಬಾರದು, ಹೆಂಡತಿ ಏನು ಹೇಳುತ್ತಾರೋ ಅದೇ ಕೊನೆಯ ಮಾತು. ಅಣ್ಣನೂ ಅದಕ್ಕೆ, 'ಖರೇ ಐತಿ. ಗಿರಿಜಾ ಅಂದಂಗ ಆಗಲಿ' ಎಂದ. ಇಬ್ಬರೂ ಒಪ್ಪಿಕೊಂಡ ಮಾತು ಈ ಮನೆಯಲ್ಲಿ ಅದೊಂದೇ. ಪಾಸ್ಟರ್ ಹೋದ ಮೇಲೆ ಅಣ್ಣ, ಭಾನುವಾರ ಗಾಡಿ ತರಿಸುತ್ತೇನೆ, ಊರಲ್ಲಿ ಗಾಳಿ ಚಲೋ ಇದೆ, ಗಿರಿಜಾಳೂ ಅಲ್ಲೇ ಇದ್ದಾಳೆ, ಇಲ್ಲಿ ಯಾಕೆ ಇರಬೇಕು ಎಂದ. ನಾನು ಬೇಡ ಎಂದೆ. ನಿನ್ನೆ ಬೇಡ ಎನ್ನುವಷ್ಟು ಸ್ವರ ಇತ್ತು.

ಹೀಗಾಗಿ ಎಲ್ಲವೂ ನಿನ್ನ ನಾಲಿಗೆಯ ಮೇಲೆ ಬಂದು ನಿಂತಿದೆ. ನಾನು ನಿನ್ನನ್ನು ಎಂದೂ ಒತ್ತಾಯ ಮಾಡಿದವನಲ್ಲ. ದೀಕ್ಷಾಸ್ನಾನ ತೆಗೆದುಕೋ ಎಂದು ಒಂದು ದಿನವೂ ಕೇಳಲಿಲ್ಲ, ಸಭೆಗೆ ಬಾ ಎಂದು ಕರೆದದ್ದು ಕ್ರಿಸ್ಮಸ್ ಕೇಕಿನ ಆಸೆ ತೋರಿಸಿ ಅಷ್ಟೇ. ಈಗಲೂ ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ತಿಳಿಸಿದ್ದೇನೆ. ನಿನ್ನ ಮನಸ್ಸಿಗೆ ಏನು ಬರುತ್ತದೋ ಹಾಗೆ ಮಾಡು, ನಿನಗೇ ಬಿಟ್ಟಿದ್ದೇನೆ. ಬೇವಿನ ಗಿಡದ ಹತ್ತಿರವೇ ಎಂದು ನೀನು ಹೇಳಿದರೂ ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಕಮಲಾಕ್ಷಿಗೆ, ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು, ಅವರದು ತಪ್ಪೇನಿಲ್ಲ, ಹಿರಿಯರು ಹೇಳಿದಂತೆ ನಡೆಯುತ್ತಾರೆ. ತುಳಸಾಬಾಯಿಗೆ ಊಟ ಹಾಕದೆ ಕಳಿಸಬೇಡ. ನನ್ನ ಕರ್ತನು ನಿನ್ನ ಕಾಲು ಬೇಗ ಕೂಡಿಸಲಿ, ನಿನ್ನ ಶಿವನನ್ನೂ ಕೇಳು, ಇಬ್ಬರಲ್ಲಿ ಯಾರು ಮಾಡಿದರೂ ನನಗೆ ಬೇಸರವಿಲ್ಲ.

ನಿನ್ನ ಚಹಾದವನು,
ಮಲ್ಲಿಕಾರ್ಜುನ

ಮತ್ತೆ: ತುಳಸಾಬಾಯಿ ಚಪ್ಪಲಿ ಮೆಟ್ಟಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಗಾಡಿ ಇವತ್ತೇ ಬಂದಿದೆ. ಓಣಿಯ ತುದಿಯಲ್ಲಿ ನಿಂತಿದೆ, ಹಿಂದಿನ ಸೀಟು ತೆಗೆದು ಗಾದಿ ಹಾಸಿದ್ದಾರಂತೆ. ಬೆಳಿಗ್ಗೆ ಅಣ್ಣ ಎಂದಿನಂತೆ ಮಾತಾಡು ಎಂದ. ಬಾಯಿ ತೆರೆದೆ, ಬರೀ ಗಾಳಿ ಬಂತು. ಇನ್ನೊಮ್ಮೆ ಎಂದ. ಅದೇ ಗಾಳಿ. ನನ್ನ ತಲೆ ಸವರಿ ಹೊರಗೆ ಹೋಗಿ ಫೋನ್ ಮಾಡಿದ. ಬಂದು, 'ಗಿರಿಜಾ ನಿನ್ನ ಕರ್ಯಾಕತ್ತಾಳ' ಎಂದ. ಪಾಟಿಯ ಮೇಲೆ ಬರುವುದಿಲ್ಲ ಎಂದು ದೊಡ್ಡದಾಗಿ ಬರೆದು ತೋರಿಸಿದೆ. ಚಷ್ಮಾ ಇಲ್ಲ ಎಂದ, ಅದು ಅವನ ಮೂಗಿನ ಮೇಲೇ ಇತ್ತು. ಪೂಜೆ ಊಟ ಮುಗಿಸಿ ಹೊರಡುತ್ತಾರೆ. ತುಳಸಾಬಾಯಿಯ ರೈಲು ಮೊದಲು ಮುಟ್ಟಿದರೆ ಈ ಕಾಗದ ನನಗಿಂತ ಮುಂಚೆ ನಿನ್ನ ಕೈಗೆ ಬರುತ್ತದೆ. ನನ್ನನ್ನು ಅಂಗಳದಲ್ಲಿ ಇಳಿಸುವಾಗ ಊರೆಲ್ಲ ಸೇರಿರುತ್ತದೆ, ಅಯ್ಯನವರೂ ಇರುತ್ತಾರೆ, ನಾನು ಏನೂ ಹೇಳಲಾರೆ. ಕುಂಟುತ್ತಲಾದರೂ ಹೊರಗೆ ಬಾ. ನಿನಗೇ ಬಿಟ್ಟಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು, ಗಿರಿಜಾ. ಬಿಟ್ಟಿಲ್ಲ, ಕಾಲು ಹಿಡಿದು ಬೇಡುತ್ತಿದ್ದೇನೆ. ನನ್ನ ಗಂಡ ಕ್ರಿಸ್ತನಾಂವ, ಅವನನ್ನ ನಾರಾಯಣಗೂಡಕ್ಕೇ ಒಯ್ಯಿರಿ ಎಂದು ಎಲ್ಲರ ಮುಂದೆ ಗಟ್ಟಿಯಾಗಿ ಹೇಳು. ಅದನ್ನು ಹೇಳಿದರೆ ಮಣ್ಣಾದ ಮೇಲೆ ನೀನು ಅಲ್ಲಿ ಒಬ್ಬಳೇ, ನಾನು ಇಲ್ಲಿ ಒಬ್ಬನೇ. ಗೊತ್ತಿದ್ದೇ ಕೇಳುತ್ತಿದ್ದೇನೆ.